ರಾಗಿ ಮಿಲ್ಲು, ಕಟ್ಟಿದ ಕಿವಿ, ನಿಲ್ಲದ ಸದ್ದು

ಕಿವಿ ಕಟ್ಟುವುದು ಬೇರೆ, ಕಿವಿಯೊಳಗೆ ಸದ್ದು ಬರುವುದು ಬೇರೆ. ನನಗೆ ಎರಡೂ ಒಟ್ಟಿಗೇ ಶುರುವಾದವು. ಹಾಗಾಗಿ ಮನೆಯವರು, ನೆಂಟರು, ಮಿಲ್ಲಿಗೆ ಬರುವವರು ಎಲ್ಲರೂ ಒಂದೇ ಕಾಯಿಲೆ ಅಂತಲೇ ಮಾತಾಡಿದರು. ಕಟ್ಟಿದ ಕಿವಿ ಬಿಟ್ಟುಕೊಂಡರೆ ಸದ್ದೂ ಹೋಗುತ್ತದೆ ಅನ್ನುವುದು ಎಲ್ಲರ ಲೆಕ್ಕ. ಕಿವಿ ಬಿಟ್ಟುಕೊಂಡಿತು. ಸದ್ದು ಹೋಗಲಿಲ್ಲ. ಇದನ್ನು ಬರೆಯುವಾಗಲೂ ಇದೆ. ಆದರೆ ಈಗ ಅದು ಇದ್ದರೂ ನಿದ್ದೆ ಬರುತ್ತದೆ, ಕೆಲಸ ನಡೆಯುತ್ತದೆ. ಅಲ್ಲಿಗೆ ಬಂದದ್ದು ಹೇಗೆ ಅನ್ನುವುದನ್ನು ಬರೆಯುತ್ತಿದ್ದೇನೆ.

ನಮ್ಮದು ಕೆ.ಆರ್. ನಗರದ ಕಡೆ. ಅಪ್ಪ ಹಾಕಿದ ರಾಗಿ ಮಿಲ್ಲು ಇದೆ. ರಾಗಿ, ಗೋಧಿ, ಅಕ್ಕಿ ಬೀಸುವುದಕ್ಕೆ ಕಲ್ಲು ಒಂದು ಕಡೆ, ಮೆಣಸಿನಕಾಯಿ, ಸಾಂಬಾರ್ ಪುಡಿಗೆ ಇನ್ನೊಂದು ಮಿಷನ್ನು. ಹತ್ತನೇ ಕ್ಲಾಸು ಮುಗಿದಾಗಿನಿಂದ ನಾನು ಅಲ್ಲೇ ಇದ್ದೇನೆ. ಈಗ ವಯಸ್ಸು ಐವತ್ತು ದಾಟಿದೆ. ಹಿಟ್ಟಿನ ದೂಳಿಗೆ ಬೆಳಿಗ್ಗೆ ಎದ್ದರೆ ಸೀನು, ಮೂಗು ಕಟ್ಟುವುದು ಇವೆಲ್ಲ ಮಾಮೂಲಿ. ಮಿಲ್ಲಿನವರಿಗೆ ಅದೆಲ್ಲ ಇರುವುದೇ ಅಂದುಕೊಂಡಿದ್ದೆವು. ಅಪ್ಪನಿಗೂ ಇತ್ತು.

ಒಂದು ಮಳೆಗಾಲದಲ್ಲಿ ಜೋರು ನೆಗಡಿ ಬಂತು. ನೆಗಡಿ ಹೋಯಿತು, ಬಲಗಿವಿ ಕಟ್ಟಿಕೊಂಡೇ ಉಳಿಯಿತು. ನಾನು ಮಾತಾಡಿದರೆ ನನ್ನ ದನಿಯೇ ತಲೆಯೊಳಗೆ ಗುಂಯ್ ಅನ್ನುತ್ತಿತ್ತು. ಹುರಿಗಡಲೆ ಜಗಿದರೆ ಎದುರಿಗಿದ್ದವರ ಮಾತೇ ಕೇಳಿಸುತ್ತಿರಲಿಲ್ಲ. ಆಕಳಿಸಿದರೆ ಒಂದು ಕ್ಷಣ ಟಪ್ ಅಂತ ಬಿಟ್ಟುಕೊಳ್ಳುವುದು, ಮತ್ತೆ ಮುಚ್ಚಿಕೊಳ್ಳುವುದು. ಇದರ ಹಿಂದೆ ಸಣ್ಣಗೆ, ಎಡೆಬಿಡದೆ, ಕುಯ್ಯ್ ಅನ್ನುವ ಒಂದು ಸದ್ದು. ಹಗಲು ಮಿಲ್ಲು ಓಡುವಾಗ ಗೊತ್ತಾಗುತ್ತಿರಲಿಲ್ಲ. ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತರೆ ಅದೊಂದೇ.

ಮನೆಮದ್ದು ಹೇಳುವವರಿಗೆ ಬರವೇ? ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡು ಅಂದರು. ಬಿಸಿ ಉಪ್ಪಿನ ಗಂಟಿನ ಶಾಖ ಕೊಡು ಅಂದರು. ಸಂತೆಯಲ್ಲಿ ಕಿವಿ ಕ್ಲೀನ್ ಮಾಡುವವನ ಹತ್ತಿರ ಹೋಗು ಅಂದವರೂ ಇದ್ದಾರೆ. ನನ್ನ ಹೆಂಡತಿ ಎಣ್ಣೆ ಬಟ್ಟಲನ್ನೇ ಎತ್ತಿಟ್ಟಳು. "ರೀ, ಒಳಗೆ ಏನಾಗಿದೆ ಅಂತ ನೋಡದೆ ಏನೂ ಹಾಕ್ಬೇಡಿ" ಅಂದಳು. ಅವಳ ತಮ್ಮನಿಗೆ ಚಿಕ್ಕಂದಿನಲ್ಲೇ ಕಿವಿತಮಟೆ ತೂತಾಗಿ ಕಿವಿ ಸೋರುತ್ತಿತ್ತು, ಅದರ ಕಷ್ಟ ನೋಡಿದ್ದಳು. ತಮಟೆ ತೂತಾಗಿದ್ದರೆ ನಾವು ಬಿಟ್ಟ ಎಣ್ಣೆ, ನೀರು ನೇರವಾಗಿ ನಡುಗಿವಿಗೆ ಇಳಿಯುತ್ತದೆ. ಸೋಂಕಾಗುವುದಕ್ಕೆ ಅಷ್ಟು ಸಾಕು.

ಮೊದಲು ತಾಲ್ಲೂಕಿನಲ್ಲೇ ಇಎನ್‌ಟಿ ಡಾಕ್ಟರಿಗೆ ತೋರಿಸಿದೆ. ಲೈಟಿರುವ ಸಣ್ಣ ಕೊಳವೆ ಇಟ್ಟು ನೋಡಿ, "ಗುಗ್ಗೆ ಗಟ್ಟಿಯಾಗಿ ಕೂತಿದೆ. ಹಿಟ್ಟಿನ ದೂಳೂ ಸೇರ್ಕೊಂಡಿದೆ" ಅಂದರು. ಬಡ್ಸ್ ಹಾಕುತ್ತೀರಾ ಅಂತ ಕೇಳಿದರು. ಯಾರು ಹಾಕುವುದಿಲ್ಲ ಹೇಳಿ? ಕಿವಿಯ ಹೊರಗಿನ ದಾರಿ ಎರಡೂವರೆ ಸೆಂಟಿಮೀಟರ್ ಅಷ್ಟೇ. ಗುಗ್ಗೆ ಹುಟ್ಟುವುದು ಅದರ ಹೊರಭಾಗದಲ್ಲಿ. ಒಳಗಿನ ಚರ್ಮ ನಿಧಾನಕ್ಕೆ ಹೊರಗೆ ಸರಿಯುತ್ತಾ ಅದನ್ನು ತಾನೇ ಆಚೆ ತರುತ್ತದೆ. ಬಡ್ಸ್ ಹಾಕಿದರೆ ತುದಿಗೆ ಅಂಟಿದಷ್ಟು ಈಚೆ ಬರುತ್ತದೆ, ಮಿಕ್ಕಿದ್ದು ತಮಟೆಯ ಕಡೆ ಹೋಗಿ ಗಟ್ಟಿಯಾಗುತ್ತದೆ.

ಗುಗ್ಗೆ ಮೆತ್ತಗಾಗುವ ಡ್ರಾಪ್ಸ್ ಕೊಟ್ಟರು. ಹಾಕಿದ ಮೇಲೆ ಕಿವಿ ಇನ್ನೂ ಜಾಸ್ತಿ ಕಟ್ಟಿಕೊಂಡಿತು. ಗುಗ್ಗೆ ನೆನೆದು ಉಬ್ಬುತ್ತದೆ, ಗಾಬರಿ ಬೀಳಬೇಡಿ ಅಂತ ಅವರು ಮೊದಲೇ ಹೇಳಿದ್ದರಿಂದ ಸುಮ್ಮನಿದ್ದೆ. ಆಮೇಲೆ ಹೀರುವ ಮಿಷನ್ನಿನಲ್ಲಿ ತೆಗೆದರು. ನೋವೇನಿಲ್ಲ, ಆದರೆ ಸದ್ದು ವಿಪರೀತ. ಜೊತೆಗೆ ತಲೆ ಸ್ವಲ್ಪ ಗಿರ್ರ್ ಅಂದಿತು. ನೀರು ಹಾಯಿಸಿ ತೆಗೆಯುವುದೂ ಉಂಟಂತೆ. ಅದಕ್ಕೆ ಮೈಯಷ್ಟೇ ಬೆಚ್ಚಗಿನ ನೀರು ಬೇಕು, ತಣ್ಣೀರಾದರೆ ತಲೆಸುತ್ತು ಗ್ಯಾರಂಟಿ.

ಹೊರಗೆ ಬಂದಾಗ ಬೈಕಿನ ಹಾರ್ನು ಬೆಚ್ಚಿಬೀಳುವಷ್ಟು ಜೋರಾಗಿ ಕೇಳಿಸಿತು. ಸರಿ, ಮುಗಿಯಿತು ಅಂದುಕೊಂಡು ಮನೆಗೆ ಬಂದೆ. ಆದರೆ ಕಿವಿ ಅರ್ಧ ಮಾತ್ರ ಬಿಟ್ಟಿತ್ತು. ಕುಯ್ಯ್ ಸದ್ದು ಇದ್ದ ಹಾಗೇ ಇತ್ತು.

ಮತ್ತೆ ಹೋದಾಗ ಡಾಕ್ಟರು ಒಂದು ಕಬ್ಬಿಣದ ಕವಲುಕಡ್ಡಿ ತೆಗೆದರು. ಶಾಲೆಯ ವಿಜ್ಞಾನದ ಪಾಠದಲ್ಲಿ ನೋಡಿದ ಶ್ರುತಿಕವೆಯೇ. ಅದನ್ನು ಮೊಣಕೈಗೆ ಬಡಿದು ನನ್ನ ಹಣೆಯ ಮಧ್ಯಕ್ಕೆ ಇಟ್ಟು, "ಸದ್ದು ಯಾವ ಕಡೆ ಜಾಸ್ತಿ?" ಅಂದರು. ಕಟ್ಟಿದ ಬಲಗಿವಿಯಲ್ಲೇ ಜಾಸ್ತಿ ಕೇಳಿಸಿತು. ನನಗೆ ಆಶ್ಚರ್ಯ. ಅವರು ಮಾತ್ರ "ಒಳ್ಳೇದಾಯ್ತು" ಅಂದರು. ಸದ್ದು ಕಟ್ಟಿದ ಕಡೆಗೇ ವಾಲಿದರೆ ತೊಂದರೆ ಇರುವುದು ಸದ್ದು ಒಳಗೆ ಹೋಗುವ ದಾರಿಯಲ್ಲಿ. ಚೆನ್ನಾಗಿರುವ ಕಿವಿಯ ಕಡೆ ವಾಲಿದರೆ, ಕಟ್ಟಿದ ಕಿವಿಯ ಒಳಗಿವಿಗೋ ನರಕ್ಕೋ ಪೆಟ್ಟು ಬಿದ್ದಿರಬಹುದು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಎಷ್ಟೋ ಜನ ಒಂದು ಕಿವಿ ದಿಢೀರನೆ ಕಟ್ಟಿದರೆ ಗುಗ್ಗೆಯೋ ನೆಗಡಿಯೋ ಅಂತ ವಾರಗಟ್ಟಲೆ ಕಾಯುತ್ತಾರೆ. ರಾತ್ರಿ ಮಲಗುವಾಗ ಚೆನ್ನಾಗಿದ್ದು ಬೆಳಿಗ್ಗೆ ಏಳುವಾಗ ಒಂದು ಕಿವಿ ಕೇಳಿಸುತ್ತಿಲ್ಲ, ಇಲ್ಲವೇ ಎರಡು ಮೂರು ದಿನದೊಳಗೆ ಕೇಳಿಸುವುದು ಗಣನೀಯವಾಗಿ ಇಳಿದಿದೆ ಅಂದರೆ ಅದನ್ನು ತುರ್ತು ಅಂತಲೇ ತಿಳಿಯಬೇಕು. ಒಳಗಿವಿಗೆ ಹಾಗೆ ಪೆಟ್ಟು ಬಿದ್ದಾಗ ಸ್ಟೀರಾಯ್ಡ್ ಕೊಡುತ್ತಾರೆ. ಅದು ಬೇಗ ಶುರುವಾದಷ್ಟೂ ಒಳ್ಳೆಯದು, ಎರಡು ವಾರ ದಾಟಿದರೆ ಉಪಯೋಗ ಕಮ್ಮಿಯಾಗುತ್ತಾ ಹೋಗುತ್ತದೆ. ಡ್ರಾಪ್ಸ್ ಹಾಕಿಕೊಂಡು ಆ ಎರಡು ವಾರ ಕಳೆದುಬಿಟ್ಟರೆ ಕಿವಿ ವಾಪಸ್ ಬರದೇ ಹೋಗಬಹುದು. ನನಗೆ ಅದು ಆಗಿರಲಿಲ್ಲ. ಆದರೆ ನನಗೆ ಗುಗ್ಗೆ ಅಂತ ಕೇಳಿ ನೀವು ನಿಮ್ಮದೂ ಗುಗ್ಗೆಯೇ ಅಂದುಕೊಳ್ಳಬೇಡಿ.

ಹಾಗಾದರೆ ಬಲಗಿವಿ ಇನ್ನೂ ಕಟ್ಟಿರುವುದು ಏಕೆ? ಕಿವಿಗೆ ಮೆತ್ತನೆಯ ಬಿರಡೆ ಇಟ್ಟು ಗಾಳಿಯ ಒತ್ತಡ ಏರಿಸಿ ಇಳಿಸಿ ಒಂದು ಗ್ರಾಫ್ ತೆಗೆದರು. ಟಿಂಪನೋಮೆಟ್ರಿ ಅಂತಾರೆ. ನಾವು ಏನೂ ಹೇಳಬೇಕಿಲ್ಲ, ಸುಮ್ಮನೆ ಕೂತರೆ ಸಾಕು. ಎಡಗಿವಿಯ ಗೆರೆ ಸೊನ್ನೆಯ ಹತ್ತಿರ ಚೂಪಾಗಿ ಎದ್ದಿತ್ತು. ಬಲಗಿವಿಯದು ಮೈನಸ್ 200ರ ಆಚೆ ಸರಿದುಬಿಟ್ಟಿತ್ತು. ಅಂದರೆ ತಮಟೆಯ ಹಿಂದಿರುವ ನಡುಗಿವಿಯಲ್ಲಿ ಗಾಳಿ ಕಮ್ಮಿಯಾಗಿ ತಮಟೆ ಒಳಕ್ಕೆ ಎಳೆದುಕೊಂಡಿತ್ತು.

ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಒಂದು ನಾಳ ಇದೆ. ಯೂಸ್ಟೇಷಿಯನ್ ನಾಳ. ಅದು ಯಾವಾಗಲೂ ಮುಚ್ಚಿಯೇ ಇರುತ್ತದೆ. ಎಂಜಲು ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಎಳೆದು ಅದನ್ನು ಒಂದು ಗಳಿಗೆ ತೆರೆಯುತ್ತದೆ. ಹೊರಗಿನ ಗಾಳಿ ಒಳಗೆ ಹೋಗಿ ಒತ್ತಡ ಸಮವಾಗುತ್ತದೆ. ಮೂಗಿನ ಹಿಂದೆ ಊತ ಇದ್ದರೆ ನಾಳದ ಬಾಯಿ ತೆರೆಯುವುದೇ ಇಲ್ಲ. ನನ್ನ ಮೂಗಿನಲ್ಲಿ ಎಷ್ಟೋ ವರ್ಷದ ಹಿಟ್ಟಿನ ಅಲರ್ಜಿ ಇತ್ತಲ್ಲ, ನೆಗಡಿ ಬಂದು ಅದನ್ನು ಪೂರ್ತಿ ಮುಚ್ಚಿಸಿತು. ಅಂದರೆ ಕಿವಿ ಕಟ್ಟಿದ್ದರ ಮೂಲ ಕಿವಿಯಲ್ಲಿರಲಿಲ್ಲ, ಮೂಗಿನಲ್ಲಿತ್ತು. ಕಿವಿಗೆ ಏನು ಬಿಟ್ಟಿದ್ದರೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ ಬರೆದರು. ಹೆಸರು ಕೇಳಿ ಹೆಂಡತಿ ಹೆದರಿದಳು. ಮೂಗಿನಲ್ಲಷ್ಟೇ ಕೆಲಸ ಮಾಡುವ ಸಣ್ಣ ಪ್ರಮಾಣ ಅಂತ ಡಾಕ್ಟರು ಬಿಡಿಸಿ ಹೇಳಿದರು. ಹೊಡೆಯುವುದಕ್ಕೂ ಒಂದು ಕ್ರಮ ಇದೆ. ತಲೆ ಸ್ವಲ್ಪ ಮುಂದೆ ಬಗ್ಗಿಸಬೇಕು. ಬಲ ಹೊಳ್ಳೆಗೆ ಎಡಗೈಯಲ್ಲಿ, ಎಡ ಹೊಳ್ಳೆಗೆ ಬಲಗೈಯಲ್ಲಿ ಹಿಡಿಯಬೇಕು, ಆಗ ತುದಿ ತಾನಾಗಿಯೇ ಹೊರಗೋಡೆಯ ಕಡೆ ತಿರುಗುತ್ತದೆ. ಮೂಗಿನ ನಡುಗೋಡೆಗೆ ದಿನಾ ಬಿದ್ದರೆ ರಕ್ತ ಬರಬಹುದು. ಜೋರಾಗಿ ಎಳೆದುಕೊಳ್ಳಲೂ ಬಾರದು, ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ. ಇನ್ನೊಂದು ಮಾತು: ಇದು ಇವತ್ತು ಹೊಡೆದು ಇವತ್ತೇ ಬಿಟ್ಟುಕೊಳ್ಳುವ ಔಷಧಿ ಅಲ್ಲ. ವಾರಗಟ್ಟಲೆ ಬಿಡದೆ ಹಾಕಬೇಕು. ತಕ್ಷಣ ಮೂಗು ಬಿಡಿಸುವ ಡ್ರಾಪ್ಸ್ ಬೇರೆ ಇವೆ. ಅವನ್ನು ಐದಾರು ದಿನದ ಮೇಲೆ ಹಾಕಿದರೆ ಮೂಗು ಅದಕ್ಕೇ ಒಗ್ಗಿಕೊಂಡು, ಬಿಟ್ಟ ಕೂಡಲೇ ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ಮೆಡಿಕಲ್ ಶಾಪಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಮೂಗು ಹಿಡಿದು ಬಾಯಿ ಮುಚ್ಚಿ ಉಸಿರು ಒತ್ತುವುದು ಎಲ್ಲರಿಗೂ ಗೊತ್ತು. ಮೆಲ್ಲಗೆ ಒತ್ತಬೇಕು, ಬಿಡದಿದ್ದರೆ ಜೋರು ಮಾಡಬಾರದು, ನೆಗಡಿ ಇರುವಾಗಲಂತೂ ಬೇಡವೇ ಬೇಡ. ನನಗೆ ಅದಕ್ಕಿಂತ ಮೂಗು ಹಿಡಿದು ಎಂಜಲು ನುಂಗುವುದು ಹಿತವಾಯಿತು. ಮಧ್ಯದಲ್ಲಿ ನೆಂಟರ ಮದುವೆಗೆ ಸುಳ್ಯಕ್ಕೆ ಹೋಗಬೇಕಾಯಿತು. ಮಡಿಕೇರಿ ಹತ್ತುವವರೆಗೆ ಕಷ್ಟ ಆಗಲಿಲ್ಲ. ಸಂಪಾಜೆ ಘಾಟಿ ಇಳಿಯುವಾಗ ಬಲಗಿವಿ ನೋಯುವಷ್ಟು ಬಿಗಿಯಿತು. ಹತ್ತುವಾಗ ಹೊರಗಿನ ಒತ್ತಡ ಕಮ್ಮಿಯಾಗಿ ಒಳಗಿನ ಗಾಳಿ ತಾನೇ ತಳ್ಳಿಕೊಂಡು ಹೊರಗೆ ಹೋಗುತ್ತದೆ. ಇಳಿಯುವಾಗ ಹೊರಗಿನದು ಒಳಗೆ ಹೋಗಬೇಕು, ಅದಕ್ಕೆ ನಾಳ ತೆರೆಯಲೇಬೇಕು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಂದ ಕೆಳಗಿಳಿಯುವ ಉದ್ದಕ್ಕೂ ಪೆಪ್ಪರ್‌ಮೆಂಟು ಚೀಪುತ್ತಾ, ನುಂಗುತ್ತಾ ಬಂದೆ. ಮಗಳು ನಗುತ್ತಿದ್ದಳು.

ಸ್ಪ್ರೇ ಜೊತೆ ಮಿಲ್ಲಿನಲ್ಲಿ ಮಾಸ್ಕ್ ಹಾಕುವುದಕ್ಕೂ ಶುರು ಮಾಡಿದೆ. ಕೊರೊನಾ ಕಾಲದಲ್ಲಿ ಹಾಕಿ ಕಿತ್ತೆಸೆದಿದ್ದ ಮಾಸ್ಕು ಮತ್ತೆ ಬಂತು. ನಿಧಾನಕ್ಕೆ ಕಿವಿ ಬಿಟ್ಟುಕೊಂಡಿತು. ಗ್ರಾಫಿನ ಗೆರೆಯೂ ಸೊನ್ನೆಯ ಹತ್ತಿರಕ್ಕೆ ಬಂತು. ಡಾಕ್ಟರಿಗೆ ಖುಷಿ. "ಈಗ ಸದ್ದು?" ಅಂದರು. ಇದೆ ಸಾರ್ ಅಂದೆ. ಕಿವಿ ಬಿಟ್ಟ ಮೇಲೆ ಇನ್ನೊಂದು ವಿಷಯ ಗೊತ್ತಾಗಿತ್ತು. ಸದ್ದು ಬಲಗಿವಿಯಲ್ಲಿ ಮಾತ್ರ ಅಲ್ಲ, ಎಡಗಿವಿಯಲ್ಲೂ ಇತ್ತು. ಬಲಗಿವಿ ಕಟ್ಟಿದ್ದಾಗ ಹೊರಗಿನ ಸದ್ದು ಒಳಗೆ ಬರದೆ ಅಲ್ಲಿ ಅದು ಎದ್ದು ಕಾಣುತ್ತಿತ್ತು, ಅಷ್ಟೇ. ಅದು ಎಂದಿನಿಂದ ಇತ್ತೋ, ಯಾರಿಗೆ ಗೊತ್ತು.

ಅವರು ಕೆಲವು ಪ್ರಶ್ನೆ ಕೇಳಿದರು. ಸದ್ದು ನಾಡಿಯ ಬಡಿತದ ಜೊತೆ ಬಡಿಯುತ್ತದೆಯೇ? ಒಂದೇ ಕಿವಿಯಲ್ಲಾ? ತಲೆ ತಿರುಗಿ ಬೀಳುವ ಹಾಗೆ ಆಗುತ್ತದೆಯೇ? ಟಿ.ಬಿ.ಗೆ ಇಂಜೆಕ್ಷನ್ ತೆಗೆದುಕೊಂಡಿದ್ದಿರಾ? ದಿನಾ ಜಾಸ್ತಿ ಆ್ಯಸ್ಪಿರಿನ್ ನುಂಗುತ್ತೀರಾ? ನಾಡಿಯ ಜೊತೆ ಬಡಿದರೆ ರಕ್ತನಾಳ ನೋಡಬೇಕು, ಒಂದೇ ಕಡೆ ಇದ್ದರೆ ಎಂಆರ್‌ಐ ಮಾಡಿಸಿ ನರದ ಮೇಲೆ ಗಂಟು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು, ಕೆಲವು ಔಷಧಿಗಳೇ ಕಿವಿಗೆ ಪೆಟ್ಟು ಕೊಡುತ್ತವೆ. ನನಗೆ ಅವು ಯಾವುವೂ ಇರಲಿಲ್ಲ. ಬಿ.ಪಿ. ನೋಡಿದರು, ರಕ್ತ ಪರೀಕ್ಷೆ ಬರೆದರು. ಆಮೇಲೆ ಮೈಸೂರಿಗೆ ಕಳಿಸಿದರು.

ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಕಡೆಯವರಿಗೆ ಗೊತ್ತಿರುವುದೇ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ದೇಶದ ಬೇರೆ ಬೇರೆ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು, ಕಾಯಬೇಕು, ಬುತ್ತಿ ಕಟ್ಟಿಕೊಂಡು ಹೋದರೆ ಒಳ್ಳೆಯದು. ಅಲ್ಲಿ ಕಾಯುವಾಗ ಎರಡು ವರ್ಷದ ಮಗುವಿಗೆ ಕಿವಿ ಮಿಷನ್ನು ಹಾಕಿದ ತಾಯಿಯರನ್ನು ನೋಡಿದರೆ, ನಮ್ಮದೇನು ದೊಡ್ಡ ಕಷ್ಟ ಅನ್ನಿಸುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಹಾಗನ್ನಿಸುವುದಿಲ್ಲ.

ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಸಣ್ಣ ಸದ್ದು ಕೇಳಿಸಿದರೂ ಬಟನ್ ಒತ್ತಬೇಕು. ಬಾಗಿಲು ಮುಚ್ಚಿದ ಕೂಡಲೇ ನನ್ನ ಕುಯ್ಯ್ ತಲೆ ತುಂಬಾ ಹರಡಿತು. ಅವರು ಕೊಡುವುದು ಯಾವುದು, ನನ್ನದು ಯಾವುದು? ಹೇಳಿದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ತಡೆತಡೆದು ಬರುವ ಸದ್ದಿಗೆ ಬದಲಿಸಿದಳು. ನನ್ನದು ಎಡೆಬಿಡದ್ದು, ಅವರದು ಪೀಪ್ ಪೀಪ್. ಆಗ ಸುಲಭವಾಯಿತು. ಕಿವಿ ಮೊರೆಯುವವರು ಈ ಪರೀಕ್ಷೆಗೆ ಹೋದರೆ ಮೊದಲೇ ಹೇಳಿಬಿಡಿ.

ಗ್ರಾಫ್ ಬಂತು. ಹರ್ಟ್ಸ್ ಅಂದರೆ ಸದ್ದು ಎಷ್ಟು ಮಂದ್ರ, ಎಷ್ಟು ತಾರಕ ಅನ್ನುವ ಲೆಕ್ಕ. ಡೆಸಿಬಲ್ ಅಂದರೆ ಎಷ್ಟು ಜೋರಿದ್ದರೆ ನಮಗೆ ಕೇಳಿಸುತ್ತದೆ ಅನ್ನುವ ಲೆಕ್ಕ. ಗೆರೆ ಕೆಳಗಿಳಿದಷ್ಟೂ ಕೇಳಿಸುವುದು ಕಮ್ಮಿ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. 250 ಹರ್ಟ್ಸ್‌ನಿಂದ 2000ದವರೆಗೆ ಎರಡು ಗೆರೆಯೂ 25 ಡೆಸಿಬಲ್‌ನ ಒಳಗೇ ಇದ್ದವು, ಅಂದರೆ ಸರಿಯಾಗಿಯೇ ಇದ್ದವು. 4000ದಲ್ಲಿ ಎರಡೂ ದೊಪ್ಪನೆ 50ರ ಹತ್ತಿರ ಬಿದ್ದಿದ್ದವು. 8000ದಲ್ಲಿ ಮತ್ತೆ ಸ್ವಲ್ಪ ಎದ್ದಿದ್ದವು. ಆಡಿಯಾಲಜಿಸ್ಟ್ ಮೇಡಂ ನೋಡಿದವರೇ, "ಏನು ಕೆಲಸ ಮಾಡ್ತೀರಿ?" ಅಂದರು. ರಾಗಿ ಮಿಲ್ಲು ಅಂದೆ. ತಲೆಯಾಡಿಸಿದರು. 4000ದ ಸುತ್ತ ಮಾತ್ರ ಹೀಗೆ ಗುಂಡಿ ಬಿದ್ದಿದ್ದರೆ ಮೊದಲ ಅನುಮಾನ ದೊಡ್ಡ ಸದ್ದಿನ ಮೇಲೆ. ಮಗ್ಗದವರು, ಗಾರೆ ಮಿಷನ್ನಿನವರು, ಬ್ಯಾಂಡ್ ಸೆಟ್ಟಿನವರು, ಎಲ್ಲರ ಗ್ರಾಫಿನಲ್ಲೂ ಇದು ಕಾಣುತ್ತದಂತೆ.

ಅಲ್ಲಿಗೆ ಎರಡೂ ಬಿಡಿಬಿಡಿಯಾದವು. ಮಿಲ್ಲಿನ ದೂಳು ಮೂಗಿಗೆ ಹೋಗಿ ಕಿವಿ ಕಟ್ಟಿಸಿತ್ತು. ಮಿಲ್ಲಿನ ಸದ್ದು ಒಳಗಿವಿಗೆ ಹೋಗಿ ಕುಯ್ಯ್ ತಂದಿತ್ತು. ಹುಟ್ಟಿದ ಜಾಗ ಒಂದೇ, ಬಂದ ದಾರಿ ಬೇರೆ.

ಸದ್ದಿನ ಲೆಕ್ಕ ಅವರು ಹೇಳಿದ್ದು ಹೀಗೆ. 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೂ ಹೊತ್ತು ಅರ್ಧ ಆಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. ಮನೆಗೆ ಬಂದು ಮಗಳ ಫೋನಿನಲ್ಲಿ ಆ್ಯಪ್ ಹಾಕಿ ಮಿಲ್ಲಿನಲ್ಲಿ ಹಿಡಿದೆವು. ಫೋನಿನ ಲೆಕ್ಕ ತೂಕದ ಕಲ್ಲಿನಷ್ಟು ಖಚಿತ ಅಲ್ಲ ಬಿಡಿ. ಆದರೂ ರಾಗಿ ಕಲ್ಲಿನ ಹತ್ತಿರ 90 ದಾಟಿತು, ಮೆಣಸಿನಕಾಯಿ ಮಿಷನ್ನಿನಲ್ಲಿ ಇನ್ನೂ ಮೇಲೆ ಹೋಯಿತು. ನಾನು ಅಲ್ಲಿ ನಿಂತದ್ದು ಮೂವತ್ತು ವರ್ಷಕ್ಕೂ ಜಾಸ್ತಿ.

ಒಳಗಿವಿಯಲ್ಲಿ ಸದ್ದನ್ನು ಹಿಡಿದು ನರಕ್ಕೆ ದಾಟಿಸುವ ಸುಮಾರು 15,000 ಕೂದಲು ಕೋಶಗಳಿರುತ್ತವೆ. ದೊಡ್ಡ ಸದ್ದಿಗೆ ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತವಂತೆ! ನಮಗಿಲ್ಲ, ಕೋಳಿಗಿದೆ. ಕೇಳಿ ನಗು ಬಂತು. ಕೋಶ ಸತ್ತ ಮೇಲೆ ಸದ್ದು ಎಲ್ಲಿಂದ ಬರುತ್ತದೆ ಅಂತ ಕೇಳಿದೆ. ಮೇಡಂ ಕೊಟ್ಟ ಉದಾಹರಣೆ ನನಗೆ ಚೆನ್ನಾಗಿ ಹಿಡಿಸಿತು. ರೇಡಿಯೋದಲ್ಲಿ ಸ್ಟೇಷನ್ ಸರಿಯಾಗಿ ಸಿಗದಿದ್ದಾಗ ವಾಲ್ಯೂಮ್ ಜಾಸ್ತಿ ಮಾಡಿದರೆ ಏನಾಗುತ್ತದೆ? ಹಾಡು ಬರುವುದಿಲ್ಲ, ಬರ್ರ್ ಅನ್ನುವುದು ಜಾಸ್ತಿಯಾಗುತ್ತದೆ. ಕಿವಿಯಿಂದ ಬರಬೇಕಾದ ಸುದ್ದಿ ಕಮ್ಮಿಯಾದಾಗ ಮೆದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ನಮಗೆ ಕೇಳಿಸುವುದು ಆ ಬರ್ರ್.

ಆಮೇಲೆ ಬೇರೆ ಬೇರೆ ಸದ್ದು ಕೇಳಿಸಿ ನನ್ನದಕ್ಕೆ ಯಾವುದು ಹೊಂದುತ್ತದೆ ಅಂತ ಹುಡುಕಿದರು. 4000 ಹರ್ಟ್ಸ್‌ನ ಆಸುಪಾಸಿನದೇ ಹೊಂದಿತು. ಎಷ್ಟು ಜೋರು ಅಂತ ಅಳೆದಾಗ, ನನಗೆ ಅಲ್ಲಿ ಕೇಳಿಸುವ ಕನಿಷ್ಠ ಮಟ್ಟಕ್ಕಿಂತ ಬರೀ ಆರು ಡೆಸಿಬಲ್ ಜಾಸ್ತಿ ಇತ್ತು. ಇಷ್ಟೇನಾ? ನಿದ್ದೆ ಕೆಡಿಸಿದ್ದು ಇಷ್ಟೇ ಸದ್ದಾ? ಬಹಳ ಜನರಿಗೆ ಹೀಗೇ ಅಂದರು. ಅಳೆದರೆ ಸಣ್ಣದು, ಆದರೆ ಮನಸ್ಸು ಅದನ್ನು ಅಪಾಯದ ಗಂಟೆ ಅಂತ ತಿಳಿದು ಕಾವಲು ಕೂತಿರುತ್ತದೆ. 1953ರಲ್ಲಿ ಅಮೆರಿಕದಲ್ಲಿ ಕಿವಿ ಸರಿಯಿದ್ದ 80 ಜನರನ್ನು ಇಂಥದ್ದೇ ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದ್ದರಂತೆ. ಸ್ವಲ್ಪ ಹೊತ್ತಿಗೇ ಅವರಲ್ಲಿ 94 ಪರ್ಸೆಂಟ್ ಜನ ತಲೆಯೊಳಗೆ ಏನೋ ಸದ್ದು ಕೇಳಿಸುತ್ತದೆ ಅಂದರು. ತೀರಾ ನಿಶ್ಶಬ್ದದಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಸದ್ದಿದೆ.

ನಮ್ಮ ಮನೆಯಲ್ಲಿ ಅಷ್ಟು ದಿನ ನಡೆದಿದ್ದು ಇದಕ್ಕೆ ಪೂರ್ತಿ ಉಲ್ಟಾ. ಅಪ್ಪನಿಗೆ ಕಿವಿ ಸರಿಯಿಲ್ಲ ಅಂತ ಮಗಳು ಟಿ.ವಿ. ಸಣ್ಣಗೆ ಮಾಡುತ್ತಿದ್ದಳು. ಹೆಂಡತಿ ಮಿಕ್ಸಿ ಹಾಕುವ ಮೊದಲು ನನ್ನನ್ನು ಆಚೆ ಕಳಿಸುತ್ತಿದ್ದಳು. ರಾತ್ರಿ ಫ್ಯಾನು ಬೇಡ ಅಂತ ಕಿಟಕಿ ತೆಗೆದು ಮಲಗುತ್ತಿದ್ದೆವು. ಪ್ರೀತಿಯಿಂದ ಮಾಡಿದ್ದೇ ಎಲ್ಲ. ಮೇಡಂ ಹೇಳಿದ್ದು, ಕಿವಿಗೆ ಪೆಟ್ಟು ಕೊಡುವ ಸದ್ದು ಬೇಡ, ಆದರೆ ನಿಶ್ಶಬ್ದವೂ ಬೇಡ. ಮನೆಯ ಮಾಮೂಲಿ ಸದ್ದುಗಳು ಇರಲೇಬೇಕು.

ಹಾಗಾಗಿ ರಾತ್ರಿ ಫ್ಯಾನು ವಾಪಸ್ ಬಂತು. ಮಗಳು ಫೋನಿನಲ್ಲಿ ಮಳೆಯ ಸದ್ದು ಹುಡುಕಿಕೊಟ್ಟಳು. ಗುಡುಗು ಇಲ್ಲದ್ದು, ಸುಮ್ಮನೆ ಸುರಿಯುವ ಮಳೆ. ಇದನ್ನು ಎಷ್ಟು ಜೋರಾಗಿ ಇಡಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಕುಯ್ಯ್ ಮುಚ್ಚಿಹೋಗುವಷ್ಟು ಇಡಬಾರದು. ಅದಕ್ಕಿಂತ ಸ್ವಲ್ಪ ಕೆಳಗೆ, ಎರಡೂ ಕೇಳಿಸುವ ಹಾಗೆ ಇಡಬೇಕು. ಪೂರ್ತಿ ಮುಚ್ಚಿದರೆ ಮೆದುಳು ಅದಕ್ಕೆ ಒಗ್ಗಿಕೊಳ್ಳುವುದನ್ನೇ ಕಲಿಯುವುದಿಲ್ಲ, ಮಳೆ ನಿಂತ ಕೂಡಲೇ ಅದು ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಇಯರ್‌ಫೋನ್ ಬೇಡ, ಟೇಬಲ್ ಮೇಲೆ ಸಣ್ಣ ಸ್ಪೀಕರ್ ಸಾಕು.

ಔಷಧಿ ಬಗ್ಗೆಯೂ ಹೇಳಿಬಿಡುತ್ತೇನೆ. ಈ ಸದ್ದನ್ನು ನಿಲ್ಲಿಸುವ ಮಾತ್ರೆ ಇಲ್ಲ. ಗಿಂಕ್ಗೊ ಅನ್ನುವ ಎಲೆಯ ಮಾತ್ರೆ, ಸತುವಿನ ಮಾತ್ರೆ ಬಹಳ ಮಾರುತ್ತಾರೆ. 2014ರಲ್ಲಿ ಅಮೆರಿಕದ ಇಎನ್‌ಟಿ ವೈದ್ಯರ ಸಂಘ ಹೊರಡಿಸಿದ ಮಾರ್ಗಸೂಚಿ ಅವನ್ನು ಇದಕ್ಕೆ ಕೊಡಬೇಡಿ ಅಂತಲೇ ಹೇಳುತ್ತದೆ. ಅದು ಮಾಡಿ ಅನ್ನುವುದು ಕಿವಿ ಪರೀಕ್ಷೆ, ಕೇಳಿಸುವುದು ಕಮ್ಮಿ ಇದ್ದರೆ ಕಿವಿ ಮಿಷನ್ನು, ಮನಸ್ಸಿನ ಯೋಚನೆ ತಿದ್ದುವ ಸಿಬಿಟಿ. ಇಷ್ಟು ಗೊತ್ತಿದ್ದೂ ನನ್ನ ಫೋನಿಗೆ "ಏಳೇ ದಿನದಲ್ಲಿ ಕಿವಿ ಮೊರೆತ ಮಾಯ" ಅನ್ನುವ ಜಾಹೀರಾತು ಬರುವುದು ನಿಂತಿಲ್ಲ. ನಿದ್ದೆಗೆಟ್ಟವನ ಹತ್ತಿರ ದುಡ್ಡು ಕೀಳುವುದು ಸುಲಭ, ಅಲ್ವಾ? ಕಾಫಿ ಬಿಡು ಅಂತಲೂ ಬಹಳ ಜನ ಹೇಳಿದರು. ಬಿಟ್ಟು ನೋಡಿದೆ, ತಲೆನೋವು ಬಂತು, ಸದ್ದು ಹಾಗೇ ಇತ್ತು. ಮತ್ತೆ ಕುಡಿಯುತ್ತಿದ್ದೇನೆ.

ಸಿಬಿಟಿ ಅಂದರೆ ನಾನು ಏನೋ ದೊಡ್ಡದು ಅಂದುಕೊಂಡಿದ್ದೆ. ಕೂತು ಮಾತಾಡುವುದು, ಬರೆಯುವುದು. ಮೊದಲು 25 ಪ್ರಶ್ನೆ ಕೇಳಿದರು. ಸದ್ದಿನಿಂದ ಸಿಟ್ಟು ಬರುತ್ತದೆಯೇ, ಓದಲು ಆಗುತ್ತದೆಯೇ, ಇದರಿಂದ ಪಾರಾಗಲು ಸಾಧ್ಯವೇ ಇಲ್ಲ ಅನ್ನಿಸುತ್ತದೆಯೇ, ಹೀಗೆ. ಹೌದು ಅಂದರೆ ನಾಲ್ಕು, ಕೆಲವು ಸಲ ಅಂದರೆ ಎರಡು, ಇಲ್ಲ ಅಂದರೆ ಸೊನ್ನೆ. ನೂರಕ್ಕೆ ನನ್ನದು 52 ಬಂತು. ಜೀವನದಲ್ಲಿ ಮಾರ್ಕ್ಸ್ ಕಮ್ಮಿ ಬರಲಿ ಅಂತ ಬಯಸಿದ್ದು ಅದೊಂದರಲ್ಲೇ.

ಮಾತಾಡುತ್ತಾ ಹೋದಾಗ ಒಂದು ಚಟ ಹೊರಬಂತು. ಸದ್ದು ಇದೆಯೋ ಇಲ್ಲವೋ ಅಂತ ನಾನು ದಿನದಲ್ಲಿ ಎಷ್ಟೋ ಸಲ ಕಿವಿಗೆ ಬೆರಳಿಟ್ಟು ನೋಡುತ್ತಿದ್ದೆ. ಇಟ್ಟರೆ ಇದ್ದೇ ಇರುತ್ತದೆ! ಪ್ರತಿ ಸಲ ನೋಡಿದಾಗಲೂ ಮೆದುಳಿಗೆ "ಇದು ಮುಖ್ಯ, ಗಮನ ಇಡು" ಅಂತ ನಾನೇ ಹೇಳಿದ ಹಾಗೆ. ಬೆರಳಿಡುವುದು ನಿಲ್ಲಿಸಿ ಅಂದರು. ಕಷ್ಟವಾಯಿತು, ಬೀಡಿ ಬಿಡುವುದಕ್ಕಿಂತ ಕಷ್ಟ. ರಾತ್ರಿ ಎಚ್ಚರಾದಾಗ ಬರುವ ಯೋಚನೆ ಬರೆದಿಡಿ ಅಂದರು. "ಇದು ಜಾಸ್ತಿ ಆಗ್ತಾ ಹೋಗಿ ಕೊನೆಗೆ ಕಿವುಡಾಗ್ತೀನಿ" ಅಂತ ಬರೆದೆ. ಮೇಡಂ ಅದನ್ನು ಓದಿ ಗ್ರಾಫ್ ಎದುರಿಗಿಟ್ಟರು. ಸದ್ದು ಕಿವುಡುತನ ತರುವುದಿಲ್ಲ, ಕಿವಿಗೆ ಬಿದ್ದ ಪೆಟ್ಟಿನಿಂದ ಸದ್ದು ಬಂದಿದೆ. ಪೆಟ್ಟು ನಿಂತರೆ ವಯಸ್ಸಿಗೆ ತಕ್ಕ ಹಾಗೆ ಇಳಿಯುವುದು ಬಿಟ್ಟು ಬೇರೆ ಇಳಿಯಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಅದೇ ಯೋಚನೆ ಬಂದಾಗ ಈ ಮಾತನ್ನು ಎದುರಿಗೆ ಇಡಬೇಕು. ಒಂದೇ ದಿನಕ್ಕೆ ಆಗುವುದಿಲ್ಲ. ಆದರೆ ಆಗುತ್ತದೆ.

ಕಿವಿ ಮಿಷನ್ನು ಹಾಕಿಕೊಳ್ಳುವುದಕ್ಕೆ ಮನಸ್ಸು ಬಹಳ ಎಳೆದಾಡಿತು. ಬೆಲೆ ಕೇಳಿಯೇ ಎದೆ ಝಲ್ ಅಂದಿತು. ಇನ್ನೊಂದು ಭಯ ಕಿವಿ ಮತ್ತೆ ಕಟ್ಟಿದ ಹಾಗಾಗುತ್ತದೆ ಅಂತ. ಅದು ಸುಮ್ಮನೆ ಭಯ ಅಲ್ಲ. ಕಿವಿ ಪೂರ್ತಿ ಮುಚ್ಚುವ ಅಚ್ಚು ಹಾಕಿದರೆ ನಮ್ಮ ದನಿ ನಮಗೇ ಗುಂಯ್ ಅನ್ನುತ್ತದೆ. ನನ್ನಂತೆ ಮಂದ್ರದ ಸದ್ದು ಚೆನ್ನಾಗಿ ಕೇಳಿಸಿ ಮೇಲಿನದು ಮಾತ್ರ ಕಮ್ಮಿ ಇರುವವರಿಗೆ ತೂತುಗಳಿರುವ ಮೆತ್ತನೆಯ ತುದಿ ಕೊಡುತ್ತಾರೆ. ಮಿಷನ್ನು ಕಿವಿಯ ಹಿಂದೆ ಕೂರುತ್ತದೆ, ಸಣ್ಣ ತಂತಿ ಒಳಗೆ ಹೋಗುತ್ತದೆ. ಮಾಮೂಲಿ ಸದ್ದು ತೂತಿನಿಂದಲೇ ಹೋಗುತ್ತದೆ, 4000ದ ಸುತ್ತಿನದನ್ನು ಮಾತ್ರ ಮಿಷನ್ನು ಎತ್ತಿಕೊಡುತ್ತದೆ.

ಹಾಕಿದ ಮೊದಲ ದಿನ ಪ್ಲಾಸ್ಟಿಕ್ ಕವರಿನ ಸದ್ದು ಕೇಳಿ ತಲೆ ಕೆಟ್ಟಿತು. ಚಮಚ, ಬಳೆ, ಚಪ್ಪಲಿ ಎಲ್ಲ ಚುಚ್ಚುತ್ತಿದ್ದವು. ಆಮೇಲೆ ಒಗ್ಗಿತು. ಹೆಂಗಸರ, ಮಕ್ಕಳ ಮಾತಿನಲ್ಲಿ ಸ, ಶ, ತ ಅಕ್ಷರಗಳು ಬಿಡಿಸಿ ಕೇಳಿಸತೊಡಗಿದವು. "ಅಣ್ಣಾ, ನಾಕ್ ಸೇರು ಗೋಧಿ ಅಂದ್ರೆ ರಾಗಿಗೆ ಸುರೀತಿದ್ರಲ್ಲ, ಈಗ ಪರವಾಗಿಲ್ಲ" ಅಂತ ಒಬ್ಬಾಕೆ ಅಂದಳು. ಮಿಷನ್ನು ಹಾಕಿದ್ದಾಗ ಕುಯ್ಯ್ ಹಿಂದೆ ಸರಿಯುತ್ತದೆ. ಮೆದುಳಿಗೆ ಬೇಕಾದ ಸದ್ದು ಹೊರಗಿನಿಂದಲೇ ಸಿಗುವುದರಿಂದ ಹೀಗಂತೆ. ತೆಗೆದಿಟ್ಟ ಮೇಲೂ ಸ್ವಲ್ಪ ಹೊತ್ತು ತಣ್ಣಗಿರುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಮಿಲ್ಲು ಓಡುವಾಗ ಮಾತ್ರ ಹಾಕುವುದಿಲ್ಲ. ದೊಡ್ಡ ಸದ್ದನ್ನು ಇನ್ನೂ ದೊಡ್ಡದು ಮಾಡಿಕೊಳ್ಳುವುದೇಕೆ, ಹಿಟ್ಟೂ ಅದರ ಬಾಯಿಗೆ ಮೆತ್ತುತ್ತದೆ. ತೇವ ಹೀರುವ ಪೊಟ್ಟಣ ಇರುವ ಡಬ್ಬಿಯಲ್ಲಿ ಮುಚ್ಚಿಟ್ಟು ಬಾಗಿಲು ತೆಗೆಯುತ್ತೇನೆ.

ಮುಂದಿನ ಸಲ ಅದೇ 25 ಪ್ರಶ್ನೆಗೆ 24 ಬಂತು. ನೆಗಡಿ ಬಂದರೆ ಕಿವಿ ಈಗಲೂ ಒಂದೊಂದು ಸಲ ಕಟ್ಟುತ್ತದೆ, ಆಗ ಕುಯ್ಯ್ ಏರುತ್ತದೆ. ಎರಡಕ್ಕೂ ಕಾರಣ ಗೊತ್ತಿರುವುದರಿಂದ ಗಾಬರಿ ಇಲ್ಲ. ಸ್ಪ್ರೇ ಶುರು, ಮಳೆ ಸ್ವಲ್ಪ ಜೋರು. ಕಿವಿ ಬಿಟ್ಟ ಮೇಲೆ ಕುಯ್ಯ್ ತನ್ನ ಹಳೆಯ ಮಟ್ಟಕ್ಕೆ ಇಳಿಯುತ್ತದೆ.

ಈಗ ಮಿಲ್ಲಿನಲ್ಲಿ ನನ್ನ ಜೊತೆ ಅಕ್ಕನ ಮಗ ಇದ್ದಾನೆ. ಅವನನ್ನೂ ಮೈಸೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಅವನ ಗೆರೆ ಇನ್ನೂ ನೆಟ್ಟಗಿದೆ, 4000ದಲ್ಲಿ ತುಸುವೇ ತಗ್ಗು. "ಮಾವ, ನಂಗೇನೂ ಆಗಿಲ್ಲ" ಅಂತ ಮುಖ ಸಣ್ಣ ಮಾಡಿದ. ಈ ತಗ್ಗು ಗೊತ್ತಾಗುವ ಕಾಯಿಲೆಯಲ್ಲ, ಮಾತು ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಮೊದಲು ಸ್ಪಂಜಿನ ಬಿರಡೆ ತಂದೆವು. ಅದನ್ನು ಬೆರಳಲ್ಲಿ ಹೊಸೆದು, ಇನ್ನೊಂದು ಕೈಯಲ್ಲಿ ಕಿವಿ ಮೇಲಕ್ಕೆ ಎಳೆದು ಒಳಗಿಟ್ಟು, ಉಬ್ಬುವವರೆಗೆ ಹಿಡಿದಿರಬೇಕು. ಮಿಲ್ಲಿನಲ್ಲಿ ಕೈ ತುಂಬಾ ಹಿಟ್ಟು, ಇಲ್ಲ ಖಾರದ ಪುಡಿ. ಖಾರದ ಕೈಯಲ್ಲಿ ಕಿವಿ ಮುಟ್ಟಿದರೆ ಏನಾಗುತ್ತದೆ ಅಂತ ಅವನಿಗೆ ಅನುಭವಕ್ಕೆ ಬಂತು. ಆಮೇಲೆ ತಲೆಯ ಮೇಲಿಂದ ಹಾಕುವ ಇಯರ್‌ಮಫ್ ತಂದೆವು. ಕೈ ತೊಳೆಯದೆಯೂ ಹಾಕಬಹುದು, ತೆಗೆಯಬಹುದು. ಗಿರಾಕಿ ಬಂದರೆ ಕತ್ತಿಗೆ ಇಳಿಸಿಕೊಂಡು ಮಾತಾಡುತ್ತಾನೆ, ಆದರೆ ಆಗ ಮೊದಲು ಮೋಟರ್ ಆಫ್ ಮಾಡಬೇಕು ಅಂತ ಕರಾರು. ಅದರ ಸುತ್ತಿನ ಮೆತ್ತೆಗೆ ಹಿಟ್ಟು ಹಿಡಿದರೆ ಸಂದು ಬಿಟ್ಟು ಸದ್ದು ನುಸುಳುತ್ತದೆ. ಹಾಗಾಗಿ ಬಾಗಿಲು ಹಾಕುವ ಮೊದಲು ಎರಡೂ ಜೊತೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಡುವುದು ಅವನ ಕೆಲಸ. ಮೆತ್ತೆ ಬಿರುಕು ಬಿಟ್ಟರೆ ಅದಷ್ಟನ್ನೇ ಬದಲಿಸಬಹುದು, ಪೂರ್ತಿ ಹೊಸದು ಬೇಕಿಲ್ಲ.